ಅರುವತ್ತನಾಲ್ಕರ ಶ್ಲೇಷೆ

ಜೀವಿಗಳ ವಂಶಸಂಕೇತಕ್ಕೂ ಗಣಕಯಂತ್ರದ ಸಂಕೇತಕ್ಕೂ ಸಾದೃಶ್ಯವುಂಟೆಂಬ ಮಾತು ವಿದ್ವಾಂಸರ ಗ್ರಂಥಗಳಿಂದ ಇಳಿದುಬಂದು ಈಗ ಮನೆಮಾತಾಗಿದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮಗನು ಗಣಕಯಂತ್ರದ ಉದ್ಯೋಗದಲ್ಲಿಯೂ ಸೊಸೆಯು ಜೀವವಿಜ್ಞಾನದ ಪ್ರಯೋಗಶಾಲೆಯಲ್ಲಿಯೂ ಇರುವ ಮನೆಗಳು ಅಪರೂಪವಲ್ಲ. ಇಬ್ಬರ ಕೆಲಸವನ್ನೂ ಹಿರಿಯರಿಗೆ ತಿಳಿಯಹೇಳಬೇಕಾದಾಗ “ಎಲ್ಲವೂ ಕೋಡ್ ತಾನೆ” ಎಂಬ ಒಂದು ಮಾತಿನಿಂದಲೇ ಕಾರ್ಯ ಮುಗಿಯುತ್ತದೆ. ನಮ್ಮ ನಾಡಿನಲ್ಲಿ ಈ ಜೋಡಿಗೆ ಮೂರನೆಯದೊಂದು ಸೇರಿಕೊಂಡಿದೆ. ಅದು ಕುಮುದೇಂದು ಮುನಿಯ ಸಿರಿಭೂವಲಯ. ಈ ಕಾವ್ಯವನ್ನು ಅಕ್ಷರಗಳಲ್ಲಿ ಬರೆದಿಲ್ಲ; ೧ರಿಂದ ೬೪ರವರೆಗಿನ ಅಂಕಿಗಳಲ್ಲಿ ಬರೆದಿದೆ. ವಂಶಸಂಕೇತದಲ್ಲಿಯೂ ಪದಗಳು ೬೪. ಇಂದಿನ ಗಣಕಯಂತ್ರವೂ ೬೪ ಬಿಟ್ಟುಗಳದು. ಆದಕಾರಣ ಮೂರರ ರಹಸ್ಯವೂ ಒಂದೇ, ನಮ್ಮ ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರು, ಎಂಬ ವಾದವನ್ನು ಈ ಲೇಖಕನು ಒಂದಕ್ಕಿಂತ ಹೆಚ್ಚು ಸಭೆಗಳಲ್ಲಿ ಕೇಳಿದ್ದಾನೆ. ಸಭಿಕರು ಸಂತೋಷಪಡುತ್ತಾರೆ. ಸಂತೋಷವನ್ನು ಕೆಡಿಸುವುದು ನನ್ನ ಉದ್ದೇಶವಲ್ಲ. ಆದರೆ ಇದು ಉಪಮೆಯೇ ಆಗಿರುವಲ್ಲಿ, ಉಪಮೆಯನ್ನು ಪರೀಕ್ಷಿಸುವ ಒರೆಗಲ್ಲು ನಮ್ಮ ಆಲಂಕಾರಿಕರಲ್ಲಿ ಇದ್ದೇ ಇದೆಯಷ್ಟೆ. ಅದಕ್ಕೆ ಹಚ್ಚಿ ನೋಡುವುದರಲ್ಲಿ ತಪ್ಪೇನು?

ಉಪಮೆಗೆ ಅಂಗಗಳು ನಾಲ್ಕು: ಉಪಮೇಯ, ಉಪಮಾನ, ವಾಚಕಶಬ್ದ, ಸಾಧಾರಣಧರ್ಮ. ಮೊದಲ ಮೂರನ್ನು ಯಾರು ಬೇಕಾದರೂ ಒದಗಿಸಬಲ್ಲರು. ಕಷ್ಟವಿರುವುದೆಲ್ಲ ನಾಲ್ಕನೆಯದರಲ್ಲಿ. ಎರಡರಲ್ಲಿಯೂ ನಿಜವಾಗಿ ಇರುವ ಧರ್ಮವಾವುದು? ಧರ್ಮವು ಒಂದೇ ಆಗಿರದೆ, ಅದನ್ನು ಹೇಳುವ ಶಬ್ದ ಮಾತ್ರ ಒಂದೇ ಆಗಿದ್ದರೆ ಅದಕ್ಕೆ ಶ್ಲೇಷೆಯೆಂದು ಹೆಸರು. ಶ್ಲೇಷೆಯಿಂದ ಕಿವಿಗೆ ಹಿತವುಂಟು, ಜ್ಞಾನವಿಲ್ಲ.

ಈಗ ೬೪ನ್ನು ನೋಡೋಣ. ಡಿ.ಎನ್.ಎ. ಎಂಬ ವಂಶದ್ರವ್ಯದಲ್ಲಿ ಅಕ್ಷರಗಳು ನಾಲ್ಕೇ. ಜೀವಕೋಶವು ಅವನ್ನು ಮೂರು ಮೂರಾಗಿ ಓದುತ್ತದೆ. ನಾಲ್ಕನ್ನು ಮೂರು ಸಲ ಇಟ್ಟು ಗುಣಿಸಿದರೆ ೬೪. ಸಿರಿಭೂವಲಯದ ೬೪ ಹುಟ್ಟಿದ ಬಗೆ ಬೇರೆ. ಸ್ವರಗಳು ಒಂಬತ್ತು, ಹ್ರಸ್ವ, ದೀರ್ಘ, ಪ್ಲುತಗಳೆಂದು ಮೂರು ಬಗೆಯಾಗಿ ಇಪ್ಪತ್ತೇಳು, ವರ್ಗೀಯ ವ್ಯಂಜನಗಳು ಇಪ್ಪತ್ತೈದು, ಅವರ್ಗೀಯಗಳು ಎಂಟು, ಯೋಗವಾಹಗಳು ನಾಲ್ಕು, ಒಟ್ಟು ೬೪. ಅದು ಗುಣಾಕಾರದ ಫಲ, ಇದು ಬಾಯಿಯಲ್ಲಿ ಹುಟ್ಟುವ ಧ್ವನಿಗಳ ಕೂಡಿಕೆಯ ಫಲ. ಅಲ್ಲಿ ೬೪ ಎಂಬುದು ಪದಗಳ ಎಣಿಕೆ, ಇಲ್ಲಿ ವರ್ಣಗಳ ಎಣಿಕೆ. ಗಣಕಯಂತ್ರದ ೬೪ಕ್ಕೆ ಇಷ್ಟು ಗಾಂಭೀರ್ಯವೂ ಇಲ್ಲ. ಎಂಟನ್ನು ಹದಿನಾರು ಮಾಡಿ, ಅದನ್ನು ಮೂವತ್ತೆರಡು ಮಾಡಿ, ಅದು ಸಾಲದೆ ಮತ್ತೆ ಇಮ್ಮಡಿಸಿದ ಯಂತ್ರಶಿಲ್ಪಿಗಳ ಅನುಕೂಲವದು. ಮೂರರ ನಡುವೆ ಸಾಧಾರಣಧರ್ಮವೆಂಬುದಿಲ್ಲ. ಇದು ಅಚ್ಚ ಶ್ಲೇಷೆ.

ಸಂಖ್ಯೆಯ ಹೊಂದಿಕೆಗೆ ಮರುಳಾದವರಲ್ಲಿ ನಾವೇ ಮೊದಲಿಗರಲ್ಲವೆಂಬುದು ಸಮಾಧಾನದ ವಿಷಯ. ಡಿ.ಎನ್.ಎ.ಯ ಜೋಡಿಸುರುಳಿಯ ರೂಪವನ್ನು ೧೯೫೩ರಲ್ಲಿ ಕಂಡ ಇಬ್ಬರಲ್ಲಿ ಒಬ್ಬನಾದ ಫ್ರಾನ್ಸಿಸ್ ಕ್ರಿಕ್ಕನು ೧೯೫೭ರಲ್ಲಿ ಗ್ರಿಫಿತ್, ಆರ್ಗೆಲ್ ಎಂಬುವರೊಡನೆ ಸೇರಿ ಒಂದು ಊಹೆಯನ್ನು ಮುಂದಿಟ್ಟನು. ವಂಶದ ಬರೆಹದಲ್ಲಿ ಪದಪದಕ್ಕೂ ನಡುವೆ ಬಿಡುವಿಲ್ಲ. ಎಲ್ಲಿಂದ ಓದಲು ತೊಡಗಬೇಕೆಂದು ಕೋಶಕ್ಕೆ ತಿಳಿಯುವುದು ಹೇಗೆ? ಕೆಲವು ಪದಗಳಿಗೆ ಮಾತ್ರ ಅರ್ಥವಿದ್ದು, ತಪ್ಪು ಜಾಗದಿಂದ ಓದಿದರೆ ಒದಗುವ ಪದಗಳೆಲ್ಲ ನಿರರ್ಥಕವಾಗಿದ್ದರೆ ತೊಂದರೆಯೇ ಇರದು. ಹಾಗಾದರೆ ಒಂದೇ ಅಕ್ಷರ ಮೂರು ಸಲ ಬರುವ ನಾಲ್ಕು ಪದಗಳನ್ನು ಬಿಡಬೇಕು. ಉಳಿದ ಅರುವತ್ತು ಪದಗಳು ಮೂರು ಮೂರರ ಗುಂಪುಗಳಾಗುತ್ತವೆ; ಗುಂಪಿಗೆ ಒಂದೊಂದರಂತೆ ಸಾರ್ಥಕ ಪದಗಳು ಇಪ್ಪತ್ತು. ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳೂ ಸರಿಯಾಗಿ ಇಪ್ಪತ್ತೇ! ಇಷ್ಟು ಸುಂದರವಾದುದು ಸುಳ್ಳಾಗಲಾರದೆಂದು ಬಲ್ಲವರೂ ನಂಬಿದರು. ಆದರೆ ೧೯೬೧ರಲ್ಲಿ ನೀರೆನ್‌ಬರ್ಗ್, ಮತ್ತಾಯ್ ಎಂಬ ಇಬ್ಬರು ಒಂದೇ ಅಕ್ಷರವನ್ನು ಸಾಲಾಗಿ ಪೋಣಿಸಿದ ಆರ್.ಎನ್.ಎ. ಎಳೆಯೊಂದನ್ನು ಮಾಡಿ, ಕೋಶದ ರಸದಲ್ಲಿ ಹಾಕಿ ನೋಡಿದರು. ಕ್ರಿಕ್ಕನ ಊಹೆಯಂತೆ ಅದು ನಿರರ್ಥಕವಾಗಿರಬೇಕಾಗಿದ್ದಿತು. ಅದು ಫಿನೈಲಲನೀನ್ ಎಂಬ ಅಮೈನೋ ಆಮ್ಲದ ಸರಪಳಿಯನ್ನು ಕಟ್ಟಿತು. ಸುಂದರವಾದ ಊಹೆ ಅಂದಿಗೆ ಮುಗಿಯಿತು. ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋಬಿಂದ ಖುರಾನರೇ ಮೊದಲಾದವರ ಶ್ರಮದಿಂದ ೧೯೬೬ರ ವೇಳೆಗೆ ಪೂರ್ಣವಾದ ನಿಘಂಟಿನಲ್ಲಿ ಅಂಥ ಅಂದವೇನೂ ಇಲ್ಲ. ಅರುವತ್ತೊಂದು ಪದಗಳು ಇಪ್ಪತ್ತು ಅರ್ಥಗಳನ್ನು ಹಂಚಿಕೊಂಡಿವೆ; ಒಂದು ಅರ್ಥಕ್ಕೆ ಆರು ಪರ್ಯಾಯಪದಗಳು, ಇನ್ನೊಂದಕ್ಕೆ ಒಂದೇ; ಮೂರು ಪದಗಳು ಪೂರ್ಣವಿರಾಮಗಳು. ಅಮರಕೋಶದ ಹಾಗೆ, ಬಳಕೆಯಿಂದ ಬೆಳೆದ ಕೋಶವಿದು. ಒಬ್ಬರು ಕುಳಿತು ಲೆಕ್ಕ ಹಾಕಿ ರಚಿಸಿದ್ದಲ್ಲ.

ಹೀಗೆಂದು ನಮ್ಮ ಹಳೆಯ ಗ್ರಂಥಗಳ ಸಂಖ್ಯೆಗಳೆಲ್ಲ ಬರಿಯ ಶ್ಲೇಷೆಯೆಂದು ತಳ್ಳಿಬಿಡುವುದು ಮತ್ತೊಂದು ಬಗೆಯ ಅವಿಚಾರ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಹತ್ತನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ಗೊಮ್ಮಟಸಾರವನ್ನು ರಚಿಸಿದನು. ಕೇಶವಣ್ಣನು ೧೩೫೯ರಲ್ಲಿ ಅದಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಅದರಲ್ಲಿ ಒಂದು ಲೆಕ್ಕವಿದೆ. ಮೂಲವರ್ಣಗಳು ೬೪. ಇವನ್ನು ಬಿಡಿಯಾಗಿಯೂ ಕೂಡಿಸಿಯೂ ಎಷ್ಟು ಬಗೆಯ ಸಂಯೋಗಗಳನ್ನು ಪಡೆಯಬಹುದು? ಅರುವತ್ತನಾಲ್ಕು ಸ್ಥಾನಗಳನ್ನು ಹರಡಿ, ಒಂದೊಂದರ ಮೇಲೂ ಎರಡನ್ನಿಟ್ಟು, ಎಲ್ಲವನ್ನೂ ಗುಣಿಸಿ, ಒಂದನ್ನು ಕಳೆಯಬೇಕು ಎಂಬುದು ವಿಧಿ. ಉತ್ತರ ೧೮೪೪೬೭೪೪೦೭೩೭೦೯೫೫೧೬೧೫. ೬೪ ಬಿಟ್ಟಿನ ಗಣಕಯಂತ್ರವು ಒಂದು ಸಲಕ್ಕೆ ಹಿಡಿಯಬಲ್ಲ ಅತಿ ದೊಡ್ಡ ಪೂರ್ಣಾಂಕವೂ ಒಂದಂಕೆ ಹೆಚ್ಚುಕಡಮೆಯಿಲ್ಲದೆ ಇದೇ ಆಗಿದೆ. ಇದು ಶ್ಲೇಷೆಯಲ್ಲ. ಅಲ್ಲಿ ಪ್ರತಿಯೊಂದು ವರ್ಣವೂ ಸಂಯೋಗದಲ್ಲಿ ಇದೆ ಅಥವಾ ಇಲ್ಲ. ಇಲ್ಲಿ ಪ್ರತಿಯೊಂದು ಬಿಟ್ಟೂ ಒಂದು ಅಥವಾ ಸೊನ್ನೆ. ಇದೆ, ಇಲ್ಲ ಎಂಬ ಎರಡೇ ಗತಿಗಳನ್ನು ಸ್ಥಾನಸ್ಥಾನಕ್ಕೂ ಹಚ್ಚಿ ಎಣಿಸುವ ಬುದ್ಧಿ ಎರಡೆಡೆಯಲ್ಲಿಯೂ ಒಂದೇ. ಒಂದನ್ನು ಕಳೆಯುವ ಕಾರಣ ಮಾತ್ರ ಬೇರೆ: ಯಾವ ವರ್ಣವೂ ಇಲ್ಲದ್ದು ಸಂಯೋಗವಾಗದೆಂದು ಜೈನಾಚಾರ್ಯನು ಬಿಟ್ಟನು, ಯಂತ್ರವು ಸೊನ್ನೆಯಿಂದ ಎಣಿಸುವುದರಿಂದ ಒಂದು ಕಡಮೆಯಾಗುತ್ತದೆ. ಆ ಆಚಾರ್ಯನು ಗಣಕಯಂತ್ರವನ್ನು ಕಂಡಿದ್ದನೆಂದು ಇದರಿಂದ ಸಿದ್ಧವಾಗುವುದಿಲ್ಲ. ಅವನು ಚೆನ್ನಾಗಿ ಎಣಿಸಬಲ್ಲವನಾಗಿದ್ದನೆಂದು ಸಿದ್ಧವಾಗುತ್ತದೆ, ಅಷ್ಟು ಹೆಮ್ಮೆ ನಮಗೆ ಸಾಲದೆ?

ಸಿರಿಭೂವಲಯಕ್ಕೆ ಬರೋಣ. ಪಂಡಿತ ಯಲ್ಲಪ್ಪಶಾಸ್ತ್ರಿಗಳಲ್ಲಿದ್ದ ಪ್ರತಿಯನ್ನು ಆಧರಿಸಿ ಕರ್ಲಮಂಗಲಂ ಶ್ರೀಕಂಠಯ್ಯನವರು, ಕನ್ನಡ ಬೆರಳಚ್ಚುಯಂತ್ರಕ್ಕೆ ಕೀಲಿಮಣೆಯನ್ನು ಹೊಂದಿಸಿದ ಕೆ. ಅನಂತಸುಬ್ಬರಾಯರ ನೆರವಿನಿಂದ, ೧೯೫೩ರಲ್ಲಿ ಬೆಂಗಳೂರಿನಲ್ಲಿ ಇದರ ಮೊದಲ ಭಾಗವನ್ನು ಬೆಳಕಿಗೆ ತಂದರು. ಕ್ರಿಕ್ಕನ ಜೋಡಿಸುರುಳಿಯ ವರ್ಷವೂ ಅದೇ. ಎರಡಕ್ಕೂ ಸಂಬಂಧವಿಲ್ಲ, ಕಾಕತಾಳೀಯವೆಂದು ತಿಳಿದಿದ್ದರೂ ನೆನೆದು ನಗಲು ಚೆನ್ನಾಗಿದೆ. ಉದ್ದಕ್ಕೆ ಇಪ್ಪತ್ತೇಳು, ಅಡ್ಡಕ್ಕೆ ಇಪ್ಪತ್ತೇಳು, ಹೀಗೆ ೭೨೯ ಮನೆಗಳ ಚೌಕಕ್ಕೆ ಚಕ್ರವೆಂದು ಹೆಸರು. ಮನೆಮನೆಯಲ್ಲಿಯೂ ಒಂದು ಅಂಕಿ. ಸಾಲು ಸಾಲಾಗಿ ಓದಿದರೆ ಏನೂ ತಿಳಿಯದು. ಬಂಧವೆಂಬ ಗೊತ್ತಾದ ನಡೆಯಲ್ಲಿ ಮನೆಯಿಂದ ಮನೆಗೆ ನಡೆದು, ಅಂಕಿಗಳನ್ನು ಅಕ್ಷರಗಳಾಗಿ ಮಾಡಿಕೊಂಡರೆ ಕನ್ನಡದ ಸಾಂಗತ್ಯ ಪದ್ಯಗಳು ದೊರೆಯುತ್ತವೆ. ಅಷ್ಟಕ್ಕೆ ಮುಗಿಯಲಿಲ್ಲ. ಆ ಪದ್ಯಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪ್ರಾಕೃತ ಪದ್ಯವೊಂದು ಹೊರಡುತ್ತದೆ. ನಡುವಣ ಗೊತ್ತಾದ ಅಕ್ಷರಗಳಿಂದ ಸಂಸ್ಕೃತ ಶ್ಲೋಕ ಹೊರಡುತ್ತದೆ.

ನನ್ನ ಮತದಲ್ಲಿ ವಂಶಸಂಕೇತಕ್ಕೆ ಸರಿಯಾದ ಹೋಲಿಕೆ ಇರುವುದು ಇಲ್ಲಿ, ೬೪ರಲ್ಲಿ ಅಲ್ಲ. ‘ನವನವನವ’ ಎಂಬ ಅಕ್ಷರಮಾಲೆಯನ್ನು ಎರಡೆರಡಾಗಿ ಓದಿದರೆ ಹೊಸತು ಎಂದಾಗುತ್ತದೆ. ಒಂದಕ್ಷರವನ್ನು ದಾಟಿ ಓದಿದರೆ ಕಾಡು ಎಂದಾಗುತ್ತದೆ. ಜೀವವು ಇದನ್ನು ಆಟವಾಗಿ ಅಲ್ಲ, ಹೊಟ್ಟೆಪಾಡಾಗಿ ಮಾಡುತ್ತದೆ. ಬ್ಯಾಕ್ಟೀರಿಯವನ್ನು ಹಿಡಿದು ಬದುಕುವ ಫೈ-ಎಕ್ಸ್ ೧೭೪ ಎಂಬ ವೈರಾಣುವಿನ ಬರೆಹವನ್ನು ಸ್ಯಾಂಗರನು ೧೯೭೭ರಲ್ಲಿ ಓದಿಸಿದನು. ಇಡಿಯ ಗ್ರಂಥ ೫೩೮೬ ಅಕ್ಷರಗಳದು. ಅಷ್ಟು ಸಣ್ಣ ಗ್ರಂಥದಲ್ಲಿ ಅಷ್ಟೊಂದು ಪ್ರೋಟೀನುಗಳಿಗೆ ಎಡೆಯೆಲ್ಲಿ? ನೋಡಿದರೆ, ಡಿ ಎಂಬ ಜೀನಿನ ಒಡಲಿನಲ್ಲಿಯೇ ಇ ಎಂಬ ಜೀನು ಅಡಗಿದೆ. ಅವೇ ಅಕ್ಷರಗಳು, ತೊಡಗುವ ಸ್ಥಾನ ಮಾತ್ರ ಬೇರೆ. ಒಂದು ರೀತಿಯಲ್ಲಿ ಓದಿದರೆ ವೈರಾಣುವಿನ ಕವಚವನ್ನು ಕಟ್ಟಲು ನೆರವಾಗುವ ಪ್ರೋಟೀನು. ಇನ್ನೊಂದು ರೀತಿಯಲ್ಲಿ ಓದಿದರೆ ಬ್ಯಾಕ್ಟೀರಿಯದ ಗೋಡೆಯನ್ನು ಒಡೆಯುವ ಪ್ರೋಟೀನು. ಚಿತ್ರಕವಿಯ ಸಂಕಟವೂ ವೈರಾಣುವಿನ ಸಂಕಟವೂ ಒಂದೇ. ಕನ್ನಡ ಪದ್ಯದ ಮೊದಲಕ್ಷರವನ್ನು ತಿದ್ದಿದರೆ ಪ್ರಾಕೃತ ಪದ್ಯ ಕೆಡುತ್ತದೆ. ಡಿ ಯನ್ನು ತಿದ್ದಿದರೆ ಇ ಕೆಡುತ್ತದೆ. ಚಿತ್ರಕಾವ್ಯವನ್ನು ನಮ್ಮ ಆಲಂಕಾರಿಕರು ಕೀಳುಮಟ್ಟದಲ್ಲಿರಿಸಿದ್ದು ಈ ಕಟ್ಟುಪಾಡಿನಲ್ಲಿ ರಸಕ್ಕೆ ಉಸಿರಾಡಲು ಎಡೆಯಿಲ್ಲವೆಂದೇ. ಸಿರಿಭೂವಲಯದ ಪದ್ಯಗಳನ್ನು ಕಾವ್ಯವೆಂದು ಓದಿದವರಿಗೆ ಆ ತೀರ್ಪು ಅನ್ಯಾಯವೆಂದು ತೋರದು.

ಆದರೆ ಸ್ಯಾಂಗರನ ಓದಿಗೂ ಚಕ್ರಗಳ ಓದಿಗೂ ಒಂದು ಭೇದವಿದೆ. ಇ ಜೀನು ಇದೆಯೆಂಬುದಕ್ಕೆ ಅಕ್ಷರಗಳ ಸಾಲೊಂದೇ ಸಾಕ್ಷಿಯಲ್ಲ. ಅದನ್ನು ಕೆಡಿಸಿದರೆ ಬ್ಯಾಕ್ಟೀರಿಯ ಒಡೆಯದು. ಓದಿನ ಹೊರಗೆ ಒಂದು ಪ್ರಮಾಣವಿದೆ. ಚಕ್ರಕ್ಕೆ ಅಂಥ ಪ್ರಮಾಣವಾವುದು? ನಡೆಯ ನಿಯಮವನ್ನು ಮೊದಲೇ ಹೇಳಿ, ಚಕ್ರಚಕ್ರಕ್ಕೂ ಅದನ್ನು ಬದಲಿಸದೆ, ಬೇರೊಬ್ಬನು ಓದಿದರೂ ಅದೇ ಪದ್ಯ ಬಂದರೆ ಆ ಪದ್ಯವು ಗ್ರಂಥದ್ದು. ಛಂದಸ್ಸೂ ಕೂಡಿಬಂದರೆ ಸಂದೇಹಕ್ಕೆ ಎಡೆಯಿಲ್ಲ. ಹಾಗಲ್ಲದೆ ಇಲ್ಲೊಂದು ಅಕ್ಷರ, ಅಲ್ಲೊಂದು ಅಕ್ಷರ ಆಯ್ದು, ಬಂದ ಮಾತಿಗೆ ತಕ್ಕಂತೆ ನಿಯಮವನ್ನು ಆಮೇಲೆ ಕಟ್ಟಿದರೆ, ಆ ಮಾತು ಓದುಗನದು. ೭೨೯ ಮನೆಗಳ ಚೌಕದಲ್ಲಿ ಹೀಗೆ ಆಯುವ ಸ್ವಾತಂತ್ರ್ಯವಿದ್ದರೆ ಪರಮಾಣುವೂ ವಿಮಾನವೂ ದೊರೆಯುವುದು ಆಶ್ಚರ್ಯವಲ್ಲ, ದೊರೆಯದಿದ್ದರೆ ಆಶ್ಚರ್ಯ. ಮಾಮೂಲುಪೇಟೆಯಲ್ಲಿ ಕೊಂಡ ಲೆಕ್ಕದ ಪುಸ್ತಕದ ಹಾಳೆಯೊಂದರಿಂದಲೂ ಅವನ್ನು ತೆಗೆಯಬಹುದು.

೭೧೮ ಭಾಷೆಗಳು ಇದರಲ್ಲಿ ಅಡಗಿವೆಯೆಂಬ ಮಾತೂ ಹೀಗೆಯೇ ತಪ್ಪಾಗಿ ಗ್ರಹೀತವಾಗಿದೆ. ತೀರ್ಥಂಕರನ ದಿವ್ಯಧ್ವನಿಯು ಹದಿನೆಂಟು ಮಹಾಭಾಷೆಗಳಲ್ಲಿಯೂ ಏಳುನೂರು ಕ್ಷುಲ್ಲಕ ಭಾಷೆಗಳಲ್ಲಿಯೂ ಕೇಳಿಸುವುದೆಂದು ಜೈನಸಂಪ್ರದಾಯ ಹೇಳುತ್ತದೆ. ಧ್ವನಿ ಒಂದೇ, ಸಮವಸರಣದಲ್ಲಿ ಕುಳಿತ ಪ್ರತಿಯೊಬ್ಬನಿಗೂ ಅವನವನ ಭಾಷೆ. ಇದು ಸ್ತುತಿ, ಜನಗಣತಿಯಲ್ಲ. ಸ್ತುತಿಯಾಗಿ ಇದು ಎಷ್ಟು ಉಜ್ಜ್ವಲವಾಗಿದೆಯೆಂದರೆ, ನಮ್ಮ ದೇಹದಲ್ಲಿ ಕಣ್ಣಿನ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಒಂದೇ ಗ್ರಂಥವಿದ್ದು ಅವು ತಮತಮಗೆ ಬೇಕಾದ ಅಧ್ಯಾಯವನ್ನಷ್ಟೇ ಓದಿಕೊಳ್ಳುವುದನ್ನು ವಿವರಿಸಲು ಇದಕ್ಕಿಂತ ಉತ್ತಮವಾದ ಉಪಮಾನ ನನಗೆ ಹೊಳೆಯದು. ಗ್ರಂಥದ ಕಾಲವನ್ನು ಒಂಬತ್ತನೆಯ ಶತಮಾನಕ್ಕೆ ಒಯ್ಯುವುದೂ ಕಷ್ಟ. ಹದಿಮೂರನೆಯ ಶತಮಾನದ ಶಿಶುಮಾಯಣನಿಗಿಂತ ಹಿಂದಿನ ಸಾಂಗತ್ಯಕಾವ್ಯ ನಮಗೆ ದೊರೆತಿಲ್ಲ. ಭಾಷೆಯೂ ಅಮೋಘವರ್ಷನ ಕಾಲದ್ದಲ್ಲ. ಹಳತಾಗದಿದ್ದರೆ ಗ್ರಂಥದ ಬೆಲೆ ಇಳಿಯುವುದೆಂದು ಭಾವಿಸುವವರು ಅದರ ಕೌಶಲವನ್ನು ಗಮನಿಸಿಲ್ಲ.

ಒಂದೇ ಅಂಕಿಗೆ ಓದುಗನ ಮೇಲೆ ಅರ್ಥ ಬೇರೆಯಾಗುವುದು ಗಣಕಯಂತ್ರದಲ್ಲಿ ನಿತ್ಯದ ಅನುಭವ. ೧೯೯೧ರಲ್ಲಿ ಸ್ಥಿರವಾದ ಇಸ್ಕಿ ಎಂಬ ಭಾರತೀಯ ಸಂಕೇತದಲ್ಲಿ ೧೭೯ ಎಂದರೆ ಕಕಾರ. ಕನ್ನಡವೆಂದು ಹೇಳಿದರೆ ಯಂತ್ರವು ಕನ್ನಡದ ಕಕಾರವನ್ನು ಬರೆಯುತ್ತದೆ, ನಾಗರಿಯೆಂದರೆ ನಾಗರಿಯದನ್ನು. ಅಂಕಿ ಒಂದೇ, ಲಿಪಿಗಳು ಹಲವು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿಯ ಹಳೆಯ ಅಕ್ಷರಮಾದರಿಯಲ್ಲಿ ಬೆರಳಚ್ಚಿಸಿದ ಲೇಖನವನ್ನು ಆ ಮಾದರಿಯಿಲ್ಲದ ಯಂತ್ರದಲ್ಲಿ ತೆರೆದವರು ಎಂಥ ಅಷ್ಟಾವಕ್ರ ಅಕ್ಷರಗಳನ್ನು ಕಂಡಿದ್ದಾರೆಂಬುದನ್ನು ನಮ್ಮ ಸಂಘದ ಸದಸ್ಯರಿಗೆ ಹೇಳಬೇಕಾಗಿಲ್ಲ. ಜೀವದಲ್ಲಿಯೂ ಇದುಂಟು. ನಮ್ಮ ಕೋಶದ ತಿರುಳಿನಲ್ಲಿ ಪೂರ್ಣವಿರಾಮವೆಂದು ಓದಿಕೊಳ್ಳುವ ಪದವೊಂದನ್ನು ಅದೇ ಕೋಶದ ಮೈಟೊಕಾಂಡ್ರಿಯವು ಟ್ರಿಪ್ಟೊಫಾನ್ ಎಂದು ಓದುತ್ತದೆ. ಒಂದೇ ಮನೆಯಲ್ಲಿ ಎರಡು ಸಂಪ್ರದಾಯ!

ಪ್ರತಿ ಮಾಡುವವನ ತಪ್ಪುಗಳಲ್ಲಿಯೂ ಸಾಮ್ಯವು ಗಟ್ಟಿಯಾಗಿದೆ. ಮೂಡಬಿದಿರೆಯಲ್ಲಿ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ ಗ್ರಂಥವನ್ನು ನೆನೆಯಬಹುದು. ಓಲೆಕಾರನ ಕಣ್ಣು ಒಂದು ಪದದಿಂದ ಅದೇ ಬಗೆಯ ಇನ್ನೊಂದಕ್ಕೆ ಜಾರಿ ನಡುವಣದು ಬಿಟ್ಟುಹೋಗುವುದು, ಒಂದು ಸಾಲು ಎರಡು ಸಲ ಬರುವುದು, ಅಕ್ಷರಗಳು ಅದಲುಬದಲಾಗುವುದು, ಇವೆಲ್ಲ ಗ್ರಂಥಸಂಪಾದಕರಿಗೆ ಪರಿಚಿತ, ಡಿ. ಎಲ್. ನರಸಿಂಹಾಚಾರ್ಯರು ೧೯೬೪ರ ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ ಪಾಠಗಳನ್ನು ನಿರ್ಣಯಿಸುವ ಶಾಸ್ತ್ರವನ್ನು ನಿರೂಪಿಸಿದರು. ಇವೇ ತಪ್ಪುಗಳು ವಂಶದ ಬರೆಹದಲ್ಲಿಯೂ ಆಗುತ್ತವೆ. ಎರಡು ಪ್ರತಿಗಳಲ್ಲಿ ಒಂದೇ ತಪ್ಪಿದ್ದರೆ ಅವುಗಳ ಮೂಲ ಒಂದೆಂದು ಊಹಿಸುವ ಕ್ರಮವು ಸಂಪಾದಕನಿಗೂ ಜೀವವಿಜ್ಞಾನಿಗೂ ಸಮಾನ; ೧೯೯೮ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಜೀವಿಗಳ ವಂಶವೃಕ್ಷವನ್ನು ಬಿಡಿಸುವ ಗಣಕವಿಧಾನದಿಂದಲೇ ಚಾಸರನ ಕಾವ್ಯವೊಂದರ ಹಸ್ತಪ್ರತಿಗಳ ವಂಶವೃಕ್ಷವನ್ನು ಬಿಡಿಸಿದರು. ತಪ್ಪನ್ನು ಹಿಡಿಯುವ ಉಪಾಯವೂ ಮೂರೆಡೆಯಲ್ಲಿದೆ. ಗಣಕಯಂತ್ರವು ಅಂಕಿಗಳ ಕೊನೆಯಲ್ಲಿ ಒಂದು ಸಾಕ್ಷಿಯ ಅಂಕಿಯನ್ನಿಡುತ್ತದೆ. ಡಿ.ಎನ್.ಎ.ಗೆ ಎರಡು ಎಳೆಗಳಿರುವುದರಿಂದ ಒಂದು ಕೆಟ್ಟರೆ ಇನ್ನೊಂದನ್ನು ನೋಡಿ ತಿದ್ದಬಹುದು. ಕನ್ನಡ ಕವಿಗೆ ಪ್ರಾಸವಿದೆ. ಎರಡನೆಯ ಅಕ್ಷರದ ಪ್ರಾಸವು ಕೆಲಸಕ್ಕೆ ಬಾರದ ಹೊರೆಯೆಂದು ಹೊಸಗನ್ನಡದ ಕವಿಗಳು ಅದನ್ನು ಬಿಟ್ಟರು, ಬಿಟ್ಟದ್ದು ಸರಿ. ಆದರೆ ಓಲೆ ಹರಿದಲ್ಲಿ ಪಾಠವನ್ನು ತುಂಬಲು ಸಂಪಾದಕನಿಗೆ ಆಧಾರವಾದದ್ದು ಆ ಹೊರೆಯೇ.

ಇಷ್ಟರವರೆಗೆ ಉಪಮೆ ನಡೆಯಿತು. ಇನ್ನು ಮುಂದೆ ವ್ಯತಿರೇಕ. ಸಿರಿಭೂವಲಯವು ತನ್ನ ಓದುಗನನ್ನು ತಾನು ಹೆರುವುದಿಲ್ಲ. ಗುರುವಿನಿಂದ ಶಿಷ್ಯನಿಗೆ, ಮಾವನಿಂದ ಅಳಿಯನಿಗೆ ಬಂದ ಕೀಲಿ ಒಂದು ತಲೆಮಾರಿನಲ್ಲಿ ಕಳೆದುಹೋದರೆ ಚಕ್ರಗಳು ಮೂಕವಾಗುತ್ತವೆ. ಗಣಕಯಂತ್ರದ ಬರೆಹವೂ ತನ್ನ ಯಂತ್ರವನ್ನು ಎರಕ ಹೊಯ್ದುಕೊಳ್ಳುವುದಿಲ್ಲ. ವಂಶಗ್ರಂಥವನ್ನು ಓದುವ ರೈಬೋಸೋಮು, ಪದಕ್ಕೆ ಅರ್ಥವನ್ನು ಜೋಡಿಸುವ ಕಿಣ್ವಗಳು, ಇವನ್ನು ಮಾಡುವ ವಿಧಿ ಅದೇ ಗ್ರಂಥದಲ್ಲಿದೆ. ಆ ವಿಧಿಯನ್ನು ಓದಲು ಮೊದಲೇ ರೈಬೋಸೋಮು ಇರಬೇಕು. ಬೀಜವೃಕ್ಷನ್ಯಾಯವೆಂದು ನಾವು ಚರ್ಚೆಯನ್ನು ಮುಗಿಸಲು ಬಳಸುವ ಮಾತು ಇಲ್ಲಿ ಅಕ್ಷರಶಃ ನಿಜ. ವಂಶದ್ರವ್ಯವನ್ನು ಸಂಕೇತವೆಂದು ೧೯೪೪ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ಕರೆದ ಶ್ರೋಡಿಂಗರನು, ಅದು ಶಾಸನವೂ ಹೌದು, ಶಾಸನವನ್ನು ನಡೆಸುವ ಅಧಿಕಾರವೂ ಹೌದೆಂಬ ಎಚ್ಚರವನ್ನು ಒಡನೆಯೇ ಸೇರಿಸಿದ್ದನು. ಗಣಕಶಾಸ್ತ್ರದ ಆದ್ಯರಲ್ಲಿ ಒಬ್ಬನಾದ ಫಾನ್ ನಾಯ್ಮನನು ೧೯೪೮ರಲ್ಲಿ, ಜೋಡಿಸುರುಳಿ ಕಾಣಬರುವ ಮೊದಲೇ, ತನ್ನನ್ನು ತಾನು ಹೆರುವ ಯಂತ್ರವಿದ್ದರೆ ಅದರಲ್ಲಿರುವ ವಿಧಿಯನ್ನು ಒಮ್ಮೆ ಅರ್ಥಮಾಡಿ ನಡೆಸಬೇಕು, ಇನ್ನೊಮ್ಮೆ ಅರ್ಥವನ್ನು ನೋಡದೆ ಪ್ರತಿಮಾಡಬೇಕು ಎಂದು ಬರಿಯ ತರ್ಕದಿಂದ ಕಂಡನು. ಜೀವವು ಹಾಗೆಯೇ ಮಾಡುತ್ತಿದೆ. ಇಲ್ಲಿ ಉಪಮಾನವು ಉಪಮೇಯಕ್ಕಿಂತ ಮೊದಲು ಹುಟ್ಟಿತು! ಆದರೆ ಅವನು ಕಂಡ ಯಂತ್ರ ನಮ್ಮ ಮೇಜಿನ ಮೇಲಿಲ್ಲ.

ಈ ವ್ಯತಿರೇಕವನ್ನು ಮರೆತರೆ ಕೆಡುಕು ವಿದ್ವಾಂಸರಿಗಲ್ಲ, ಇತರರಿಗೆ. ದೇಹವೆಂಬುದು ಬರೆಹವಾದರೆ ರೋಗವು ಮುದ್ರಣದೋಷವಾಗುತ್ತದೆ, ರೋಗಿಯು ತಪ್ಪು ಅಚ್ಚಾದ ಪುಟವಾಗುತ್ತಾನೆ. ಕುಡುಗೋಲುಕಣದ ರಕ್ತಹೀನತೆ ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಜನರಲ್ಲಿ ಕಂಡುಬರುವ ವ್ಯಾಧಿ. ಹಿಮೋಗ್ಲೋಬಿನ್ನಿನ ಒಂದು ಸರಪಳಿಯ ಆರನೆಯ ಪದದಲ್ಲಿ ಒಂದಕ್ಷರ ಬೇರೆ, ಅಷ್ಟೆ. ತಂದೆತಾಯಿ ಇಬ್ಬರಿಂದಲೂ ಆ ಪಾಠ ಬಂದವನಿಗೆ ಬಾಳೆಲ್ಲ ನೋವು. ಒಬ್ಬರಿಂದ ಮಾತ್ರ ಬಂದವನಿಗೆ ಅದು ತೀವ್ರವಾದ ಮಲೇರಿಯದಿಂದ ರಕ್ಷೆ. ಸೊಳ್ಳೆಗಳ ಕಾಡಿನ ಹಿಂದಣ ಬಾಳಿನಲ್ಲಿ ಇದು ದೋಷವೋ ಪಾಠಾಂತರವೋ? ಸಂಪಾದಕನಾದರೂ ಸುಲಭವಾಗಿ ಅಡಿಟಿಪ್ಪಣಿಗೆ ತಳ್ಳಲಾರನು. ಆ ಅಕ್ಷರದ ಕೇಡನ್ನು ಸರಿದೂಗಿಸುವಂತೆ ರಕ್ತದ ಮೂಲಕೋಶಗಳನ್ನು ತಿದ್ದಿಕೊಡುವ ಚಿಕಿತ್ಸೆಗೆ ೨೦೨೩ರಲ್ಲಿ ಬ್ರಿಟನ್ನಿನಲ್ಲಿ ಅನುಮತಿ ದೊರೆಯಿತು. ನೋಯುವವರಿಗೆ ಅದು ಬೇಗನೆ ದೊರೆಯಲಿ. ಆದರೆ ೨೦೧೮ರಲ್ಲಿ ಚೀಣದಲ್ಲಿ ಒಬ್ಬನು ಹುಟ್ಟಲಿರುವ ಶಿಶುಗಳ ವಂಶದ ಬರೆಹವನ್ನೇ ತಿದ್ದಿದನು. ಮುಂದಿನ ತಲೆಮಾರುಗಳಿಗೂ ಹರಿಯಬಹುದಾದ ತಿದ್ದುಪಡಿಯದು. ಬರೆಹವೆಂದ ಮೇಲೆ ತಿದ್ದಲು ಅಡ್ಡಿಯೇನೆಂಬ ಧೈರ್ಯ ಅವನಿಗೆ ಬಂದುದರಲ್ಲಿ ನಮ್ಮ ಈ ಉಪಮೆಯ ಪಾಲೂ ಇದ್ದಿರಬೇಕು. ಯಂತ್ರದ ಬರೆಹ ಕೆಟ್ಟರೆ ಹಿಂದಿನ ಪ್ರತಿಯನ್ನು ತೆರೆಯುತ್ತೇವೆ. ಹುಟ್ಟಿದ ಮಗುವಿಗೆ ಹಿಂದಿನ ಪ್ರತಿಯೆಂಬುದಿಲ್ಲ.

ಸಿರಿಭೂವಲಯದ ವಿಷಯದಲ್ಲಿ ಮಾಡಬೇಕಾದ ಕೆಲಸವಂತೂ ಸ್ಪಷ್ಟವಾಗಿದೆ. ದೊರೆತಿರುವ ಚಕ್ರಗಳ ಅಂಕಿಗಳನ್ನು ಮೂಲಪ್ರತಿಯಲ್ಲಿರುವಂತೆಯೇ, ತಿದ್ದದೆ, ಯಾರು ಬೇಕಾದರೂ ಯಂತ್ರದಲ್ಲಿ ಬಳಸುವ ಹಾಗೆ ಅಣಿಮಾಡಬೇಕು. ಬಂಧಗಳ ನಿಯಮಗಳನ್ನು ಬಿಡಿಬಿಡಿಯಾಗಿ ಬರೆದಿಡಬೇಕು. ಎಲ್ಲೆಲ್ಲಿ ಸಂಪಾದಕನು ಅಂಕಿಯನ್ನು ಊಹಿಸಿದ್ದಾನೋ ಅಲ್ಲಲ್ಲಿ ಗುರುತು ಹಾಕಬೇಕು. ಆಮೇಲೆ ಕನ್ನಡ ಬಲ್ಲವನೊಬ್ಬನೂ ಗಣಕಯಂತ್ರವನ್ನು ಬಲ್ಲವನೊಬ್ಬನೂ ಜೊತೆಯಾಗಿ ಕುಳಿತು, ಒಂದೇ ನಿಯಮದಿಂದ ಒಂದಾದಮೇಲೊಂದು ಚಕ್ರವನ್ನು ಓದಿಸಲಿ. ಪದ್ಯ ಬಂದರೆ ಪದ್ಯವನ್ನು ಅಚ್ಚುಮಾಡಲಿ. ಬಾರದ ಚಕ್ರಗಳ ಸಂಖ್ಯೆಯನ್ನೂ ಅದರ ಪಕ್ಕದಲ್ಲಿಯೇ ಅಚ್ಚುಮಾಡಲಿ.